ಪರದೇಶದ ಗೆಳೆಯರಿಗೆ ಕರಾವಳಿಯ ಊಟ: ಚೀಲ ಕಟ್ಟುವಲ್ಲಿಂದ ಎಲೆ ಮಡಚುವವರೆಗೆ

ಉಡುಪಿ, ಮಂಗಳೂರು, ಕುಂದಾಪುರದ ಕಡೆಯಿಂದ ಓದಿಗೆಂದೋ, ಆಸ್ಪತ್ರೆಯ ಕೆಲಸಕ್ಕೆಂದೋ, ಸಾಫ್ಟ್‌ವೇರ್ ಕಂಪೆನಿಗೆಂದೋ ಹೊರದೇಶಕ್ಕೆ ಹೋದವರಿಗೆ ಅಲ್ಲಿ ಗೆಳೆತನ ಬೆಳೆಯುತ್ತಿದ್ದಂತೆ ಒಂದು ಬೇಡಿಕೆ ಬಂದೇ ಬರುತ್ತದೆ: ನಿಮ್ಮ ಊರಿನ ಊಟ ಒಮ್ಮೆ ಮಾಡಿ ಬಡಿಸಿ. ಆಗ ಹೆಚ್ಚಿನವರು ಗೆಳೆಯರಿಗೆ ಪರಿಚಯವಿರುವ ರುಚಿಯೇ ಇರಲಿ ಎಂದು ಪನೀರು, ಪಲಾವು, ಅಂಗಡಿಯ ನಾನ್‌ಗಳ ಮೊರೆ ಹೋಗುತ್ತಾರೆ. ಅದು ತಪ್ಪೇನಲ್ಲ, ಆದರೆ ಆ ಊಟ ಅವರಿಗೆ ಯಾವ ಪಟ್ಟಣದ ಹೋಟೆಲಿನಲ್ಲಾದರೂ ಸಿಗುತ್ತದೆ. ನಿಮ್ಮ ಮನೆಯಲ್ಲಿ ಸಾಮಾನ್ಯ ಭಾನುವಾರ ಬೇಯುವ ನೀರುದೋಸೆ, ಸಾರು, ಗಸಿ ಮಾತ್ರ ನಿಮ್ಮಲ್ಲಲ್ಲದೆ ಬೇರೆಲ್ಲೂ ಸಿಗುವುದಿಲ್ಲ. 1938ರಲ್ಲಿ ಕಡಂದಲೆ ಕೃಷ್ಣರಾಯರು ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದ ಕಾಲದಿಂದ ಉಡುಪಿಯ ಹೆಸರು ಹೋಟೆಲುಗಳ ಬೋರ್ಡಿನ ಮೇಲೆ ದೂರ ದೂರದವರೆಗೆ ಹೋಗಿದೆ, ನಿಜ. ಆದರೂ ಹೋಟೆಲಿನ ಮಸಾಲೆದೋಸೆಯನ್ನು ಬಲ್ಲ ಪರದೇಶಿಯರಿಗೆ ನಮ್ಮ ಮನೆಯ ತಂಬುಳಿಯಾಗಲಿ ಮೆಣಸ್ಕಾಯಿಯಾಗಲಿ ಗೊತ್ತಿರುವುದಿಲ್ಲ.

ಆದ್ದರಿಂದ ಇಲ್ಲಿ ವಿವರಿಸಿರುವುದು ಹಬ್ಬದ ಪ್ರದರ್ಶನವನ್ನಲ್ಲ, ಎಂಟು ಮಂದಿಗೆ ಮನೆಯ ಊಟ ಹಾಕುವ ಕ್ರಮವನ್ನು. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಕರಾವಳಿಯ ಊಟ ಎಂಬ ಒಂದೇ ಊಟ ಇಲ್ಲ. ಬಂಟರ ಮನೆಯ ಕೋರಿ ಗಸಿ (ತೆಂಗಿನ ಮಸಾಲೆಯ ಕೋಳಿ ಪದಾರ್ಥ), ಕೊಂಕಣಿ ಮನೆಯ ದಾಳಿ ತೋಯ್, ಕ್ರೈಸ್ತರ ಮನೆಯ ಸಾನ್ನಾಂ, ಬ್ಯಾರಿ ಮನೆಯ ಪಿಂಡಿ, ಮಠದ ಕ್ರಮದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಆಗುವ ಅಡುಗೆ, ಇವೆಲ್ಲವೂ ಒಂದೇ ಜಿಲ್ಲೆಯವು. ಇಡೀ ಕರಾವಳಿಯ ಪ್ರತಿನಿಧಿಯಾಗುವ ಹೊರೆ ಹೊರದೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೋ ಅದನ್ನೇ ಬಡಿಸಿದರೆ ಕೆಲಸವೂ ಹಗುರ, ಕೇಳುವವರ ಪ್ರಶ್ನೆಗಳಿಗೆ ಉತ್ತರವೂ ಸಲೀಸು.

ಹಂತ 1: ಊರಿನಿಂದ ಏನು ಒಯ್ಯಬೇಕು, ಏನು ಒಯ್ಯಬಾರದು

ಬಜ್ಪೆಯಲ್ಲಿ ವಿಮಾನ ಹತ್ತುವ ಮುಂಚೆ ಅಮ್ಮ, ದೊಡ್ಡಮ್ಮ, ಅತ್ತೆ ಎಲ್ಲರೂ ಸೇರಿ ಚೀಲ ತುಂಬಿಸುತ್ತಾರೆ. ಆ ಪ್ರೀತಿಗೆ ಆಯಾ ದೇಶದ ಕಸ್ಟಮ್ಸ್ ನಿಯಮ ಗೊತ್ತಿರುವುದಿಲ್ಲವಾದ್ದರಿಂದ ಹೊರಡುವ ವಾರ ಆ ದೇಶದ ಅಧಿಕೃತ ಜಾಲತಾಣವನ್ನು ನೋಡಿ ಪಟ್ಟಿಯನ್ನು ನೀವೇ ಅಂತಿಮಗೊಳಿಸಬೇಕು. ನಮ್ಮವರು ಹೆಚ್ಚಾಗಿ ಎಡವುವ ಜಾಗಗಳು ಕೆಲವಿವೆ.

ಐರೋಪ್ಯ ಒಕ್ಕೂಟದ ದೇಶಗಳಿಗೆ ಭಾರತದಿಂದ ಹೋಗುವ ಪ್ರಯಾಣಿಕರು ಮಾಂಸವನ್ನಾಗಲಿ ಹಾಲಿನ ಪದಾರ್ಥಗಳನ್ನಾಗಲಿ ಒಯ್ಯುವಂತಿಲ್ಲ. ಎಂದರೆ ತುಪ್ಪ, ಪೇಡ, ಖೋವಾದ ಸಿಹಿಗಳು ಊರಲ್ಲೇ ಉಳಿಯಬೇಕು. ಹಸಿ ಸೊಪ್ಪು, ತರಕಾರಿ, ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸು, ತೆಂಗಿನಕಾಯಿ, ಡುರಿಯನ್, ಬಾಳೆಹಣ್ಣು, ಖರ್ಜೂರ ಈ ಐದಕ್ಕೆ ಮಾತ್ರ ವಿನಾಯಿತಿ ಇದೆ. ಅಮೆರಿಕಕ್ಕೆ ಹಸಿ ಕರಿಬೇವು ಒಯ್ಯುವಂತಿಲ್ಲ. ಕರಿಬೇವು ನಿಂಬೆಯ ಕುಟುಂಬದ ಗಿಡವಾದ್ದರಿಂದ ಕಿತ್ತಳೆ ತೋಟಗಳನ್ನು ಹಾಳುಮಾಡುವ ಸಿಟ್ರಸ್ ಗ್ರೀನಿಂಗ್ ರೋಗವನ್ನು ಹರಡುವ ಕೀಟ ಅದರ ಮೇಲೂ ಬದುಕುತ್ತದೆ ಎಂಬುದು ಇದಕ್ಕೆ ಕಾರಣ. ಅದೇ ದೇಶಕ್ಕೆ ಪ್ರಯಾಣಿಕರ ಚೀಲದಲ್ಲಿ ಭಾರತದ ಅಕ್ಕಿಯನ್ನೂ ಒಯ್ಯುವಂತಿಲ್ಲ. ದಾಸ್ತಾನು ಧಾನ್ಯವನ್ನು ತಿನ್ನುವ ಖಾಪ್ರಾ ದುಂಬಿಯ ಭಯದಿಂದ 2011ರಿಂದ ಈ ನಿಷೇಧವಿದೆ. ಆದ್ದರಿಂದ ಕುಚ್ಚಲಕ್ಕಿಯ ಆಸೆಯುಳ್ಳವರು ಅಲ್ಲಿಯೇ ಭಾರತೀಯ ಅಂಗಡಿಯಲ್ಲಿ ಕೇರಳದ ಮಟ್ಟಾ ಅಕ್ಕಿ ಹುಡುಕಿಕೊಳ್ಳಬೇಕು. ಗಂಜಿಗೆ ಅದು ಚೆನ್ನಾಗಿಯೇ ಹೊಂದುತ್ತದೆ.

ಕೊಲ್ಲಿಯ ಕಡೆ ಹೋಗುವವರು ಇನ್ನಷ್ಟು ಜಾಗ್ರತೆ ವಹಿಸಬೇಕು. ನಮ್ಮಲ್ಲಿ ಪಾಯಸಕ್ಕೆ ಹಾಕುವ ಗಸಗಸೆ ಯುಎಇ, ಸೌದಿ ಅರೇಬಿಯಾ, ಕತಾರ್‌ಗಳಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಒಂದು ಪೊಟ್ಟಣ ಸಿಕ್ಕಿದರೂ ಜೈಲಿನವರೆಗೆ ಹೋಗಬಹುದು. ಸಿಂಗಾಪುರದಲ್ಲೂ ಅದಕ್ಕೆ ನಿಷೇಧವಿದೆ. ಯುಎಇಗೆ ವೀಳ್ಯದೆಲೆಯನ್ನೂ ಒಯ್ಯುವಂತಿಲ್ಲ. ನ್ಯೂಜಿಲೆಂಡಿನಲ್ಲಿ ಘೋಷಿಸದ ಆಹಾರ ಸಿಕ್ಕಿದರೆ ಸ್ಥಳದಲ್ಲೇ 400 ಡಾಲರ್ ದಂಡ ಬೀಳುತ್ತದೆ. ಆಸ್ಟ್ರೇಲಿಯಕ್ಕೆ ಹೋಗುವವರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಆಹಾರ ಇದೆ ಎಂದು ಬರೆದು ತೋರಿಸಿಬಿಡುವುದೇ ಒಳ್ಳೆಯದು. ತೋರಿಸಿದ್ದನ್ನು ಹೆಚ್ಚೆಂದರೆ ಎತ್ತಿಕೊಳ್ಳುತ್ತಾರೆ, ಅಡಗಿಸಿದ್ದಕ್ಕೆ ಮಾತ್ರ ಶಿಕ್ಷೆ. ಒಣ ಕೊಬ್ಬರಿಯನ್ನಂತೂ ಯಾವ ದೇಶಕ್ಕಾದರೂ ಚೀಲಕ್ಕೆ ಹಾಕಬೇಡಿ. ಅದರ ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿ ಇದೆ.

ಇಷ್ಟನ್ನು ಕಳೆದ ಮೇಲೂ ಒಯ್ಯಲು ಸಾಕಷ್ಟು ಉಳಿಯುತ್ತದೆ. ಮನೆಯಲ್ಲೇ ಹುರಿದು ಪುಡಿಮಾಡಿದ ಸಾರಿನ ಪುಡಿ, ಹುಳಿ ಪುಡಿ, ಬ್ಯಾಡಗಿ ಮೆಣಸು, ಬೀಜ ತೆಗೆದ ಹುಣಸೆ, ಹಲಸಿನ ಹಪ್ಪಳ ಇವು ಜಾಗ ಕಡಿಮೆ ಹಿಡಿದು ಹೆಚ್ಚು ಕಾಲ ಬರುತ್ತವೆ. ಕೋಳಿ ಗಸಿಯೊಂದಿಗೆ ತಿನ್ನುವ ಗರಿಗರಿ ಅಕ್ಕಿ ರೊಟ್ಟಿಯಾದ ಕೋರಿ ರೊಟ್ಟಿಯನ್ನು ಗಟ್ಟಿ ಡಬ್ಬಿಯಲ್ಲಿಟ್ಟು ಒಯ್ಯಬಹುದು. ದಾರಿಯಲ್ಲಿ ಮುರಿದರೂ ಚಿಂತೆಯಿಲ್ಲ, ಹೇಗೂ ತಟ್ಟೆಯಲ್ಲಿ ಮುರಿದೇ ತಿನ್ನುವುದು. ಮಿಡಿ ಉಪ್ಪಿನಕಾಯಿ ದೊಡ್ಡ ಚೀಲಕ್ಕೇ ಹೋಗಬೇಕು, ಕೈಚೀಲದಲ್ಲಿ ಬಿಡುವುದಿಲ್ಲ. ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಬಟ್ಟೆಗಳ ನಡುವೆಯಲ್ಲ, ಬಟ್ಟೆಗಳಿಂದ ದೂರ ಇಡಿ.

ಮಿಕ್ಸಿಯ ವಿಚಾರವನ್ನೂ ಇಲ್ಲೇ ಹೇಳಬೇಕು. ನಮ್ಮ ಮಿಕ್ಸಿಗಳು 230 ವೋಲ್ಟಿಗೆ ಆದವು. ಇಂಗ್ಲೆಂಡ್, ಯೂರೋಪ್, ಕೊಲ್ಲಿ, ಆಸ್ಟ್ರೇಲಿಯಗಳಲ್ಲಿ ಪ್ಲಗ್ ಬದಲಿಸಿದರೆ ನಡೆಯುತ್ತವೆ. ಅಮೆರಿಕ, ಕೆನಡಾಗಳಲ್ಲಿ ವಿದ್ಯುತ್ತು 120 ವೋಲ್ಟಿನದಾದ್ದರಿಂದ ಅಲ್ಲಿಗೆಂದೇ ತಯಾರಾದ ಮಿಕ್ಸಿಯನ್ನು ಅಲ್ಲಿಯೇ ಕೊಳ್ಳುವುದು ಮೇಲು.

ಹಂತ 2: ಕರೆಯುವಾಗಲೇ ಕೇಳಬೇಕಾದ ಪ್ರಶ್ನೆಗಳು

ನಮ್ಮಲ್ಲಿ ನೆಂಟರನ್ನು ಕರೆಯುವಾಗ ಏನು ತಿನ್ನುತ್ತೀರಿ ಎಂದು ಕೇಳುವುದು ಸ್ವಲ್ಪ ಸಂಕೋಚದ ಸಂಗತಿ. ಅಲ್ಲಿ ಕೇಳದಿರುವುದೇ ಅಸಡ್ಡೆ ಎನಿಸಿಕೊಳ್ಳುತ್ತದೆ. ಅಲರ್ಜಿ ಇದೆಯೇ, ಧಾರ್ಮಿಕ ಕಟ್ಟುಪಾಡು ಇದೆಯೇ, ಮಾಂಸ, ಮೊಟ್ಟೆ, ಹಾಲು ಇವುಗಳಲ್ಲಿ ಯಾವುದನ್ನು ಬಿಟ್ಟಿದ್ದಾರೆ ಎಂಬುದನ್ನು ಒಂದು ವಾರ ಮುಂಚೆಯೇ ತಿಳಿದುಕೊಳ್ಳಿ.

ನಮ್ಮ ಅಡುಗೆಯಲ್ಲಿ ಅಲರ್ಜಿಯ ವಸ್ತುಗಳು ಕಣ್ಣಿಗೆ ಕಾಣದಂತೆ ಸೇರಿರುತ್ತವೆ. ಐರೋಪ್ಯ ಒಕ್ಕೂಟ ಕಡ್ಡಾಯವಾಗಿ ಹೆಸರಿಸಬೇಕೆಂದು ಹೇಳುವ 14 ಅಲರ್ಜಿ ವಸ್ತುಗಳಲ್ಲಿ ಸಾಸಿವೆ ಮತ್ತು ಎಳ್ಳು ಎರಡೂ ಇವೆ. ಒಗ್ಗರಣೆಯಿಲ್ಲದ ನಮ್ಮ ಅಡುಗೆ ಯಾವುದಿದೆ? ಅಮೆರಿಕದಲ್ಲೂ 2023ರಿಂದ ಎಳ್ಳು ಆ ಪಟ್ಟಿಗೆ ಸೇರಿದೆ. ಎಲ್ಲಕ್ಕಿಂತ ಮೋಸಗೊಳಿಸುವುದು ಹಿಂಗು. ಅಂಗಡಿಯ ಡಬ್ಬಿಯ ಹಿಂಗಿನಲ್ಲಿ ಶುದ್ಧ ಹಿಂಗಿನ ಜೊತೆ ಹೆಚ್ಚಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಅಕ್ಕಿ, ಬೇಳೆ, ತೆಂಗಿನ ನಮ್ಮ ಊಟ ಗ್ಲೂಟನ್ ತಿನ್ನಬಾರದವರಿಗೆ ಹೇಳಿಮಾಡಿಸಿದಂತಿದ್ದರೂ ಸಾರಿಗೆ ಹಾಕಿದ ಒಂದು ಚಿಟಿಕೆ ಹಿಂಗು ಅದನ್ನು ಕೆಡಿಸಬಹುದು. ಡಬ್ಬಿಯ ಬೆನ್ನನ್ನು ಓದಿ, ಅಕ್ಕಿ ಹಿಟ್ಟು ಬೆರೆಸಿದ್ದನ್ನು ಆರಿಸಿ, ಇಲ್ಲವೇ ಆ ದಿನ ಹಿಂಗನ್ನೇ ಬಿಡಿ.

ಗಡ್‌ಬಡ್ ಐಸ್‌ಕ್ರೀಂ ಮಾಡುವ ಯೋಚನೆಯಿದ್ದರೆ ಜೆಲ್ಲಿಯನ್ನು ನೋಡಿಕೊಳ್ಳಿ. (ಅದು ಉಡುಪಿಯದೋ ಮಂಗಳೂರಿನದೋ ಎಂಬ ಜಗಳವನ್ನು ಊರಲ್ಲೇ ಬಿಟ್ಟು ಹೋಗುವುದು ಉತ್ತಮ.) ಅಲ್ಲಿ ಸಿಗುವ ಸಾಮಾನ್ಯ ಜೆಲ್ಲಿಯ ಜೆಲಾಟಿನ್ ಹಂದಿಯದೋ ದನದ್ದೋ ಆಗಿರುತ್ತದೆ, ಸಸ್ಯಾಹಾರಿಗಳೂ ಮುಸ್ಲಿಂ ಗೆಳೆಯರೂ ಅದನ್ನು ತಿನ್ನಲಾರರು. ಅಗರ್ ಅಗರ್‌ನಿಂದ ಮಾಡಿದ ಜೆಲ್ಲಿ ಎಲ್ಲರಿಗೂ ಆಗುತ್ತದೆ. ಮುಸ್ಲಿಂ ಗೆಳೆಯರಿದ್ದರೆ ಕೋಳಿಯನ್ನು ಹಲಾಲ್ ಅಂಗಡಿಯಿಂದಲೇ ತನ್ನಿ ಮತ್ತು ತಂದದ್ದನ್ನು ಅವರಿಗೆ ತಿಳಿಸಿ.

ಹಂತ 3: ಏನು ಮಾಡುವುದು

ಕಡಿಮೆ ಮಾಡಿ ಎಂಬುದೇ ನನ್ನ ಸಲಹೆ. ಹದಿನೈದು ಬಗೆ ಮಾಡಹೊರಟವರು ಗೆಳೆಯರು ಬಂದಾಗಲೂ ಒಲೆಯ ಮುಂದೆಯೇ ನಿಂತಿರುತ್ತಾರೆ, ಮಾತನಾಡುವವರು ಯಾರೂ ಇರುವುದಿಲ್ಲ. ಸಸ್ಯಾಹಾರದ ಊಟಕ್ಕೆ ಅನ್ನ, ಸಾರು, ಒಂದು ಪಲ್ಯ, ಹೆಸರುಬೇಳೆ ಕೋಸಂಬರಿ, ಅನಾನಸಿನ ಮೆಣಸ್ಕಾಯಿ, ಹಪ್ಪಳ, ಮಜ್ಜಿಗೆ, ಒಂದು ಪಾಯಸ ಸಾಕು. ಮಾಂಸಾಹಾರಕ್ಕೆ ನೀರುದೋಸೆ ಅಥವಾ ರೊಟ್ಟಿ, ಕೋರಿ ಗಸಿ, ಜೊತೆಗೆ ಸೌತೆಕಾಯಿಯ ಮೊಸರು ಬಜ್ಜಿ ಇದ್ದರೆ ತುಂಬಿತು.

ಸಿಗದ ವಸ್ತುವಿನ ಹಿಂದೆ ಓಡಬೇಡಿ. ಉಡುಪಿ ಕಡೆಯ ಬದನೆಯಾದ ಮಟ್ಟುಗುಳ್ಳ ಅಲ್ಲಿ ಸಿಗುವುದಿಲ್ಲ. ಥಾಯ್ ಅಂಗಡಿಯ ಉರುಟು ಹಸಿರು ಬದನೆಯಿಂದ ಹುಳಿ ಮಾಡಬಹುದು, ಆದರೆ ಅದನ್ನು ಮಟ್ಟುಗುಳ್ಳ ಎಂದು ಕರೆಯಬೇಡಿ. ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿಯಾದ ಮೂಡೆಗೆ ಬೇಕಾದ ಮುಂಡೇವಿನ ಎಲೆ ಸಿಗದಿದ್ದರೆ ಸ್ಟೀಲಿನ ಲೋಟಕ್ಕೆ ಬಾಳೆಎಲೆಯ ತುಂಡನ್ನು ಒಳಗಿಂದ ಹೊದಿಸಿ ಹಿಟ್ಟು ಸುರಿದು ಬೇಯಿಸಿ. ಪರಿಮಳ ಬೇರೆಯಾದರೂ ಆಕಾರ ಬರುತ್ತದೆ. ಪತ್ರೊಡೆಯನ್ನು ಮೊದಲ ಊಟಕ್ಕೆ ಮಾಡಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಅಲ್ಲಿ ಸಿಗುವ ಕೆಸುವಿನ ಎಲೆ ಯಾವ ಜಾತಿಯದೆಂದು ತಿಳಿಯದೆ ಹುಣಸೆ ಕಡಿಮೆಯಾದರೆ ಎಲೆಯೊಳಗಿನ ಆಕ್ಸಲೇಟ್ ಹರಳುಗಳಿಂದ ಗಂಟಲು ತುರಿಸತೊಡಗುತ್ತದೆ, ಆ ಗೆಳೆಯರು ಮತ್ತೆ ನಿಮ್ಮ ಮನೆಗೆ ಊಟಕ್ಕೆ ಬರುವುದು ಅನುಮಾನ.

ಹಂತ 4: ಅಡುಗೆಮನೆಯನ್ನು ಸಜ್ಜುಗೊಳಿಸುವುದು

ತುರಿದು ಹೆಪ್ಪುಗಟ್ಟಿಸಿದ ತೆಂಗಿನಕಾಯಿ ಭಾರತೀಯ ಮತ್ತು ಥಾಯ್ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಹೊರಗಿಟ್ಟು, ಕಡೆಯುವ ಮುಂಚೆ ಉಗುರುಬೆಚ್ಚಗಿನ ನೀರು ಬೆರೆಸಿ. ತಣ್ಣಗಿದ್ದಾಗಲೇ ಮಿಕ್ಸಿಗೆ ಹಾಕಿದರೆ ಕೊಬ್ಬು ಗಟ್ಟಿಯಾಗಿ ಸಣ್ಣ ಸಣ್ಣ ಉಂಡೆಗಳಾಗಿ ಬೇರೆಯಾಗುತ್ತದೆ, ಮಸಾಲೆ ನುಣ್ಣಗಾಗುವುದಿಲ್ಲ. ಸಿಹಿ ಬೆರೆಸಿದ ಒಣ ತೆಂಗಿನ ಪುಡಿಯನ್ನು ಮರೆತೂ ತರಬೇಡಿ. ಕರಿಬೇವು ಸಿಕ್ಕಿದಾಗ ಹೆಚ್ಚು ಕೊಂಡು ತೊಳೆದು, ಒಣಗಿಸಿ, ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ.

ಇಂಡಕ್ಷನ್ ಒಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ ಬಿಸಿಯಾಗುವುದಿಲ್ಲ. ಬೀಡಿನ ಕಾವಲಿ ಚೆನ್ನಾಗಿ ನಡೆಯುತ್ತದೆ. ಉರುಟು ತಳದ ಬಾಣಲೆ ಗಾಜಿನ ಒಲೆಗೆ ಹೊಂದುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದ್ದು ಹೊಗೆಯ ಅಲಾರಂ. ಬ್ಯಾಡಗಿ ಮೆಣಸು ಹುರಿಯುವ ಘಾಟಿಗೆ ಅದು ಕೂಗಿಕೊಂಡರೆ ಕೆಲವು ಕಟ್ಟಡಗಳಲ್ಲಿ ಎಲ್ಲರೂ ಕೆಳಗಿಳಿದು ರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ. ಅಲಾರಮ್ಮಿಗೆ ಬಟ್ಟೆ ಮುಚ್ಚುವುದು ಹಲವೆಡೆ ಅಪರಾಧ. ಕಿಟಕಿ ತೆರೆದು, ಫ್ಯಾನು ಹಾಕಿ, ಮೆಣಸನ್ನು ಸಣ್ಣ ಉರಿಯಲ್ಲಿ ಎಣ್ಣೆ ಸವರಿ ಹುರಿಯಿರಿ. ಇನ್ನೂ ಒಳ್ಳೆಯ ಉಪಾಯವೆಂದರೆ ಮಸಾಲೆಯನ್ನು ಊರಲ್ಲೇ ಹುರಿಸಿ ತರುವುದು. ಇತರರೊಂದಿಗೆ ಹಂಚಿಕೊಂಡ ಮನೆಯಲ್ಲಿ ಒಣಮೀನು ಹುರಿಯುವುದನ್ನು ಎಲ್ಲರ ಒಪ್ಪಿಗೆ ಸಿಗುವವರೆಗೆ ಮುಂದೂಡಿ.

ಇಡ್ಲಿ, ಮೂಡೆಗಳ ಹಿಟ್ಟು ಚಳಿಯ ದೇಶದಲ್ಲಿ ತಾನಾಗಿ ಹುಳಿಯಾಗುವುದಿಲ್ಲ. ಉದ್ದಿನಲ್ಲೇ ಇರುವ ಲ್ಯುಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು ಅನಿಲ ಬಿಡಬೇಕಾದರೆ 25ರಿಂದ 30 ಡಿಗ್ರಿ ಬಿಸಿ ಬೇಕು, ಅದು ಮಂಗಳೂರಿನ ಅಡುಗೆಮನೆಯಲ್ಲಿ ವರ್ಷವಿಡೀ ಪುಕ್ಕಟೆ ಸಿಗುತ್ತದೆ. ಅಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಕಡೆದು, ಓವನ್‌ನ ಒಳಗೆ ದೀಪ ಮಾತ್ರ ಹಾಕಿ ಅದರೊಳಗೆ ಪಾತ್ರೆ ಇಡಿ. 12ರಿಂದ 18 ಗಂಟೆ ಕಾಯಿರಿ. ಓವನ್ನಿನ ಬಾಗಿಲಿಗೆ ಒಳಗೆ ಹಿಟ್ಟಿದೆ ಎಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ. ಜೊತೆಯಲ್ಲಿರುವವರು ಪಿಜ್ಜಾ ಬಿಸಿಮಾಡಲೆಂದು ಗುಂಡಿ ಒತ್ತಿದರೆ ಹಿಟ್ಟು ಅಲ್ಲೇ ಬೆಂದುಹೋಗುತ್ತದೆ.

ಹಂತ 5: ನೀರುದೋಸೆ ಮತ್ತು ಗಸಿ

ಹುಳಿಯಾಗುವ ಗೊಡವೆಯೇ ಇಲ್ಲದ್ದರಿಂದ ಪರದೇಶದ ಮೊದಲ ಊಟಕ್ಕೆ ನೀರುದೋಸೆಗಿಂತ ಯೋಗ್ಯವಾದದ್ದು ಇನ್ನೊಂದಿಲ್ಲ. ಎರಡು ಕಪ್ ಬೆಳ್ತಿಗೆ ಅಕ್ಕಿಯನ್ನು, ಸೋನಾ ಮಸೂರಿ ಆದೀತು, ನಾಲ್ಕು ಗಂಟೆ ನೆನೆಸಿ. ಅರ್ಧ ಕಪ್ ತೆಂಗಿನ ತುರಿಯೊಂದಿಗೆ ಸ್ವಲ್ಪವೇ ನೀರು ಹಾಕಿ ಕಡೆಯಿರಿ. ಎರಡು ಬೆರಳ ನಡುವೆ ಉಜ್ಜಿ ನೋಡಿದರೆ ತರಿ ಸಿಗಬಾರದು. ಇಲ್ಲಿ ಆತುರಪಟ್ಟರೆ ಮುಂದೆ ಯಾವ ಉಪಾಯವೂ ಕೈಹಿಡಿಯುವುದಿಲ್ಲ. ಆಮೇಲೆ ಉಪ್ಪು ಹಾಕಿ, ಹಿಟ್ಟು ತೆಳು ಮಜ್ಜಿಗೆಯ ಹದಕ್ಕೆ ಬರುವವರೆಗೆ ನೀರು ಬೆರೆಸಿ. ಸೌಟಿನಿಂದ ಸುರಿದರೆ ನೀರಿನ ಹಾಗೆಯೇ ಇಳಿಯಬೇಕು.

ಕಾವಲಿ ಚೆನ್ನಾಗಿ ಕಾಯಬೇಕು. ಹಿಟ್ಟು ಬಿದ್ದೊಡನೆ ಚುಂಯ್ ಎಂದು ಸದ್ದಾಗಿ ಮೈತುಂಬ ತೂತು ಮೂಡಿದರೆ ಹದ ಸರಿಯಿದೆ; ಸದ್ದಿಲ್ಲದೆ ಹರಡಿಕೊಂಡರೆ ಇನ್ನೂ ಬಿಸಿ ಬೇಕು. ಅಂಚಿನಿಂದ ನಡುವಿಗೆ ಸುರಿಯುತ್ತ ಬನ್ನಿ, ಸೌಟಿನ ಬೆನ್ನಿನಿಂದ ಹರಡಬೇಡಿ. ಮುಚ್ಚಳ ಮುಚ್ಚಿ ಒಂದು ನಿಮಿಷ ಬಿಟ್ಟು ತೆಗೆಯುವಾಗ ಅಂಚುಗಳು ತಾವಾಗಿಯೇ ಏಳುತ್ತಿರುತ್ತವೆ. ಮಗುಚುವುದಿಲ್ಲ, ಕೆಂಪಗಾಗಿಸುವುದೂ ಇಲ್ಲ. ಬಿಸಿಯಿರುವಾಗ ಒಂದರ ಮೇಲೊಂದು ಹಾಕಿದರೆ ಅಂಟಿಕೊಳ್ಳುತ್ತವೆಯಾದ್ದರಿಂದ ತಟ್ಟೆಯ ಮೇಲೆ ಅರೆಕ್ಷಣ ಆರಿಸಿ ನಾಲ್ಕು ಮಡಿಕೆ ಮಾಡಿಡಿ. ಅಕ್ಕಿ ತಳಕ್ಕೆ ಇಳಿಯುತ್ತಲೇ ಇರುವುದರಿಂದ ಪ್ರತಿ ಸಲವೂ ಹಿಟ್ಟನ್ನು ಕದಡಬೇಕು. ದೋಸೆ ಹರಿದುಬಂದರೆ ಎರಡು ಚಮಚ ಅಕ್ಕಿ ಹಿಟ್ಟು ಸೇರಿಸಿ. ದಪ್ಪಗೆ ರಬ್ಬರಿನಂತಾದರೆ ನೀರು ಸೇರಿಸಿ. ಮೊದಲ ದೋಸೆ ಕಾವಲಿಗೆ ಎಂದು ಬಿಟ್ಟುಬಿಡಿ. ಒಂದೆರಡು ದೋಸೆಯನ್ನು ಗೆಳೆಯರ ಕೈಯಲ್ಲೇ ಹಾಕಿಸಿ. ಊಟಕ್ಕಿಂತ ಹೆಚ್ಚು ನಗು ಅಲ್ಲಿ ಸಿಗುತ್ತದೆ.

ಗಸಿಗೆ ಒಂದೂವರೆ ಕಿಲೋ ಕೋಳಿಗೆ ಹದಿನೈದರಿಂದ ಹದಿನೆಂಟು ಬ್ಯಾಡಗಿ ಮೆಣಸು, ಮೂರು ದೊಡ್ಡ ಚಮಚ ಕೊತ್ತಂಬರಿ, ಒಂದು ಸಣ್ಣ ಚಮಚ ಜೀರಿಗೆ, ಅಷ್ಟೇ ಕರಿಮೆಣಸು, ಕಾಲು ಚಮಚ ಮೆಂತ್ಯ ಇವನ್ನು ತೆಂಗಿನೆಣ್ಣೆಯಲ್ಲಿ ಬೇರೆ ಬೇರೆಯಾಗಿ ಹುರಿಯಿರಿ. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಹುರಿಯುವಷ್ಟರಲ್ಲಿ ಮೆಂತ್ಯ ಕರಟಿ ಕಹಿಯಾಗುತ್ತದೆ. ಎರಡು ಕಪ್ ತೆಂಗಿನ ತುರಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ, ಅರಸಿನ, ನಿಂಬೆ ಗಾತ್ರದ ಹುಣಸೆ ಸೇರಿಸಿ ನುಣ್ಣಗೆ ಕಡೆಯಿರಿ. ಕೋಳಿಯನ್ನು ಈರುಳ್ಳಿ, ಉಪ್ಪಿನೊಂದಿಗೆ ಬಾಡಿಸಿ, ಮಸಾಲೆ ಮತ್ತು ತೆಳು ತೆಂಗಿನಹಾಲು ಹಾಕಿ ಬೇಯಿಸಿ, ಕೊನೆಗೆ ದಪ್ಪ ಹಾಲು ಸೇರಿಸಿ. ಅದಾದ ಮೇಲೆ ಜೋರಾಗಿ ಕುದಿಸಬೇಡಿ, ಹಾಲು ಒಡೆಯುತ್ತದೆ.

ಖಾರದ ಪ್ರಶ್ನೆ ಇಲ್ಲಿ ಬರುತ್ತದೆ. ಖಾರ ಕಡಿಮೆ ಮಾಡಲೆಂದು ಮೆಣಸಿನ ಸಂಖ್ಯೆ ಇಳಿಸಿದರೆ ಬಣ್ಣವೂ ಹೋಗುತ್ತದೆ, ಗಸಿಯ ಮೈಯೂ ಹೋಗುತ್ತದೆ. ಬ್ಯಾಡಗಿ ಕೆಂಪು ಹೆಚ್ಚು, ಖಾರ ಕಡಿಮೆ ಇರುವ ಮೆಣಸು. ಬೀಜ ತೆಗೆದು ಹುರಿದು, ಕರಿಮೆಣಸನ್ನು ಅರ್ಧಕ್ಕಿಳಿಸಿದರೆ ಸಾಕು. ಯಾರಿಗಾದರೂ ಖಾರ ನೆತ್ತಿಗೇರಿದರೆ ನೀರು ಕೊಡಬೇಡಿ. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ; ಮೊಸರು, ಹಾಲು ಅದನ್ನು ತೊಳೆಯುತ್ತವೆ.

ಮೆಣಸ್ಕಾಯಿಗೆ ಹೆಚ್ಚು ಹೇಳಬೇಕಾಗಿಲ್ಲ. ಅನಾನಸಿನ ಹೋಳುಗಳನ್ನು ಹುಣಸೆ, ಬೆಲ್ಲ, ಉಪ್ಪಿನಲ್ಲಿ ಬೇಯಿಸಿ, ಹುರಿದ ಎಳ್ಳು, ಉದ್ದಿನಬೇಳೆ, ಬ್ಯಾಡಗಿ ಮೆಣಸನ್ನು ತೆಂಗಿನೊಂದಿಗೆ ಕಡೆದು ಬೆರೆಸಿ ಕುದಿಸಿ, ಒಗ್ಗರಣೆ ಕೊಡಿ. ಸಿಹಿ, ಹುಳಿ, ಖಾರ, ಉಪ್ಪು ನಾಲ್ಕೂ ಒಟ್ಟಿಗೆ ನಾಲಗೆಗೆ ಬರುವ ಇದನ್ನು ಪರದೇಶದವರು ಬೇಗನೆ ಮೆಚ್ಚುತ್ತಾರೆ.

ಹಂತ 6: ಬರಮಾಡಿಕೊಳ್ಳುವುದು, ಎಲೆ ಹಾಕುವುದು, ಬಡಿಸುವುದು

ಬಂದವರಿಗೆ ಮೊದಲು ಬೆಲ್ಲ ನೀರು ಕೊಡಿ. ಒಂದು ತಟ್ಟೆಯಲ್ಲಿ ಬೆಲ್ಲದ ತುಂಡುಗಳು, ಒಂದು ತಂಬಿಗೆ ನೀರು, ಇಷ್ಟೇ. ವೈನಿನ ಗ್ಲಾಸು ಕೈಗೆ ಬರುವುದನ್ನು ನಿರೀಕ್ಷಿಸಿದವರು ಬೆಲ್ಲ ಕಚ್ಚಿ ನೀರು ಕುಡಿದು, ಬಿಸಿಲಿನಲ್ಲಿ ನಡೆದು ಬಂದವರಿಗೆ ಊರಲ್ಲಿ ಹೀಗೆ ಕೊಡುತ್ತಾರೆ ಎಂಬ ಎರಡು ಮಾತು ಕೇಳಿದರೆ ಆ ಸಂಜೆಯ ಮಾತು ತಾನಾಗಿ ತೆರೆದುಕೊಳ್ಳುತ್ತದೆ. ನಮ್ಮ ಪದ್ಧತಿಗಳಲ್ಲಿ ಇಷ್ಟು ಸುಲಭವಾಗಿ ಎಲ್ಲಿಗೂ ಒಯ್ಯಬಹುದಾದದ್ದು ಮತ್ತೊಂದಿಲ್ಲವೆಂದು ನನ್ನ ಎಣಿಕೆ.

ಬಾಳೆಎಲೆ ಥಾಯ್, ವಿಯೆಟ್ನಾಮಿ, ಫಿಲಿಪಿನೊ ಅಂಗಡಿಗಳ ಫ್ರೀಜರಿನಲ್ಲಿ ಸಿಗುತ್ತದೆ. ಕರಗಿಸಿ, ಎರಡೂ ಬದಿ ಒರೆಸಿ, ಬಿಸಿ ಕಾವಲಿಯ ಮೇಲೆ ಒಂದು ಸಲ ಎಳೆದರೆ ಬಾಡಿ ಮೆದುವಾಗುತ್ತದೆ, ಸೀಳುವುದಿಲ್ಲ. ತುದಿ ಇರುವ ಎಲೆಯಾದರೆ ಅದು ಉಣ್ಣುವವರ ಎಡಗಡೆಗೆ ಬರಲಿ. ಹೆಪ್ಪುಗಟ್ಟಿಸಿದ ಎಲೆಗಳು ಹೆಚ್ಚಾಗಿ ತುಂಡುಗಳಾಗಿಯೇ ಇರುತ್ತವೆ. ಆಗ ದೊಡ್ಡ ತಟ್ಟೆಯ ಮೇಲೆ ಹಾಸಿ. ನೆಲದ ಮೇಲೆ ಕೂತು ಉಣ್ಣಲು ಮನಸ್ಸುಳ್ಳವರಿಗೆ ಚಾಪೆ ಹಾಕಿ, ಮಂಡಿನೋವಿನವರಿಗೆ ಮೇಜು ಬಿಡಿ.

ಎಡ ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಮೇಲಿನ ಸಾಲಿನಲ್ಲಿ ಕೋಸಂಬರಿ, ಪಲ್ಯ, ಮೆಣಸ್ಕಾಯಿ, ಕೆಳಗೆ ನಡುವೆ ಅನ್ನ, ಅದರ ಮೇಲೆ ತುಪ್ಪ. ಆಮೇಲೆ ಸಾರು, ಹುಳಿ, ಸಿಹಿ, ಪಾಯಸ, ಕೊನೆಗೆ ಮಜ್ಜಿಗೆ. ಮನೆಯಿಂದ ಮನೆಗೆ ಇದರಲ್ಲಿ ಹೆಚ್ಚುಕಡಿಮೆ ಇದೆ; ನಿಮ್ಮ ಅಜ್ಜಿಯ ಕ್ರಮವೇ ನಿಮಗೆ ಪ್ರಮಾಣ. ಪಾತ್ರೆಗಳನ್ನೆಲ್ಲ ಮೇಜಿನ ಮೇಲಿಟ್ಟು ಅವರವರೇ ಹಾಕಿಕೊಳ್ಳಲಿ ಎಂದು ಬಿಡಬೇಡಿ. ಒಬ್ಬರು ನಿಂತು ಸರದಿಯಲ್ಲಿ ಬಡಿಸುತ್ತ ಬರುವುದು, ಎರಡನೆಯ ಸಲ ಕೇಳುವುದು, ಸಾಕೆಂದರೆ ಅಂಗೈಯನ್ನು ಎಲೆಗೆ ಅಡ್ಡ ಹಿಡಿಯುವುದು, ಇವೇ ನಮ್ಮ ಊಟದ ಅರ್ಧ. ಅಡ್ಡ ಹಿಡಿದ ಕೈಯ ಮೇಲೂ ಬಡಿಸುವ ಒತ್ತಾಯವನ್ನು ಮಾತ್ರ ಅಲ್ಲಿ ಮಾಡಬೇಡಿ. ಬೇಡ ಎಂದವರು ನಿಜವಾಗಿಯೂ ಬೇಡ ಎಂದೇ ಹೇಳಿರುತ್ತಾರೆ, ಎಲೆಯಲ್ಲಿ ಉಳಿಸಲು ಸಂಕೋಚಪಟ್ಟು ಕಷ್ಟದಿಂದ ತಿನ್ನುತ್ತಾರೆ. ಬಡಿಸುವ ಸೌಟು ಎಲೆಗೆ ತಾಗಬಾರದೆಂಬ ನಿಯಮ, ಉಣ್ಣುವ ಕೈಯಿಂದ ಪಾತ್ರೆ ಮುಟ್ಟಬಾರದೆಂಬ ನಿಯಮ ಅವರಿಗೆ ಕೂಡಲೇ ಅರ್ಥವಾಗುತ್ತದೆ, ಶುಚಿತ್ವದ ಕಾರಣ ಹೇಳಿದರೆ ಸಾಕು.

ಕೈಯಲ್ಲಿ ಉಣ್ಣುವುದನ್ನು ತೋರಿಸಿ, ಕಡ್ಡಾಯ ಮಾಡಬೇಡಿ. ಪಕ್ಕದಲ್ಲೇ ಚಮಚ ಇರಲಿ. ಅನ್ನದ ನಡುವೆ ಗುಳಿ ಮಾಡಿ ಸಾರು ಹಾಕಿಸಿಕೊಳ್ಳುವುದು, ಬೆರಳ ತುದಿಯಲ್ಲಿ ಕಲಸಿ ಹೆಬ್ಬೆರಳಿನಿಂದ ತಳ್ಳುವುದು ಇವನ್ನು ಒಮ್ಮೆ ನಿಧಾನವಾಗಿ ಮಾಡಿ ತೋರಿಸಿ. ಸಾರು ಎಲೆಯಂಚಿಗೆ ಹರಿಯತೊಡಗಿದಾಗ ಅಂಗೈಯಿಂದ ತಡೆಯುವ ವಿದ್ಯೆ ಮೊದಲ ಊಟದಲ್ಲೇ ಬರುವುದಿಲ್ಲ, ಆದ್ದರಿಂದ ಸಾರನ್ನು ಕಡಿಮೆ ಬಡಿಸಿ. ಉಡುಪಿಯ ಪಂಕ್ತಿಗಳಲ್ಲಿ ಊಟದ ನಡುವೆ ಚೂರ್ಣಿಕೆ ಹೇಳಿ ಎಲ್ಲರೂ ಗೋವಿಂದ ಎನ್ನುವ ಪದ್ಧತಿ ನಿಮ್ಮ ಮನೆಯದಾಗಿದ್ದರೆ ಒಂದನ್ನು ಹೇಳಿ, ಅರ್ಥ ತಿಳಿಸಿ. ಊಟ ಮುಗಿದ ಮೇಲೆ ಎಲೆಯ ಮೇಲಿನ ಅರ್ಧವನ್ನು ತಮ್ಮ ಕಡೆಗೆ ಮಡಚಲು ತೋರಿಸಿಕೊಡಿ.

ಹಂತ 7: ಹಬ್ಬ, ಆಚರಣೆಗಳಲ್ಲಿ ಯಾವುದನ್ನು ಹಂಚಿಕೊಳ್ಳುವುದು

ಏಪ್ರಿಲ್ ನಡುವಿನ ಬಿಸು (ಸೌರಮಾನ ಯುಗಾದಿ) ಪರದೇಶಕ್ಕೆ ಬಹಳ ಚೆನ್ನಾಗಿ ಒಗ್ಗುವ ಹಬ್ಬ. ಹಣ್ಣು, ತರಕಾರಿ, ಅಕ್ಕಿ, ಕನ್ನಡಿ ಇಟ್ಟು ಕಣಿ ಸಿದ್ಧಪಡಿಸಿ ಬೆಳಗ್ಗೆ ಗೆಳೆಯರಿಗೆ ತೋರಿಸಬಹುದು. ಸಿಗುವ ಹಣ್ಣುಗಳೇ ಆಗುತ್ತವೆ. ಅಷ್ಟಮಿಗೆ ಚಕ್ಕುಲಿ, ಉಂಡೆ ಮಾಡಿ ಹಂಚಬಹುದು. ಕ್ರೈಸ್ತರ ಮನೆಯವರಿಗೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಎಂದರೆ ಮಾತೆ ಮರಿಯಳ ಜನ್ಮದಿನದ ಹಬ್ಬ ಇದೆ. ಕ್ರೈಸ್ತರ ಹಬ್ಬವೆಂದರೆ ಮಾಂಸವೇ ಎಂದು ತಿಳಿದವರಿಗೆ ಹೊಸ ಅಕ್ಕಿಯೊಂದಿಗೆ ಅಂದು ಸಸ್ಯಾಹಾರವೇ ನಡೆಯುತ್ತದೆ ಎಂಬುದು ಆಶ್ಚರ್ಯ ತರುತ್ತದೆ. ಕ್ರಿಸ್ಮಸ್ಸಿಗೆ ಮಾಡುವ ಕುಸ್ವಾರ್ ಎಂಬ ಬಗೆಬಗೆಯ ತಿಂಡಿಯಂತೂ ಡಬ್ಬಿಯಲ್ಲಿ ತುಂಬಿ ಕೊಡುವುದಕ್ಕೇ ಆದದ್ದು. ಹಬ್ಬ ವಾರದ ನಡುವೆ ಬಿದ್ದರೆ ಪೂಜೆಯನ್ನು ಆ ದಿನವೇ ಮಾಡಿ ಊಟವನ್ನು ಶನಿವಾರಕ್ಕೆ ಇಟ್ಟುಕೊಳ್ಳಿ.

ಕೆಲವನ್ನು ಬೇಡವೆನ್ನುತ್ತೇನೆ. ಸಿನಿಮಾ ನೋಡಿದವರು ಭೂತದ ಕೋಲದ ಬಗ್ಗೆ ಕೇಳುತ್ತಾರೆ. ವಿವರಿಸಿ, ಆದರೆ ಕುಣಿದು ತೋರಿಸಬೇಡಿ. ಅದು ದೈವದ ಸೇವೆ, ಅದನ್ನು ನಡೆಸಿಕೊಡುವ ಸಮುದಾಯಗಳಿವೆ, ಪಾರ್ಟಿಯ ಮನರಂಜನೆಗೆ ಅದು ಅಲ್ಲ. ಆ ಕುತೂಹಲಕ್ಕೆ ಯಕ್ಷಗಾನದ ದಾಖಲೆಯನ್ನು ತೋರಿಸಿ ತೆಂಕುತಿಟ್ಟು, ಬಡಗುತಿಟ್ಟುಗಳ ವ್ಯತ್ಯಾಸ ಹೇಳಬಹುದು. ಮಕ್ಕಳಿದ್ದರೆ ಮುಖಕ್ಕೆ ಪಿಲಿವೇಷದ (ಹುಲಿವೇಷದ) ಬಣ್ಣ ಹಚ್ಚಬಹುದು. ಆಟಿ ಅಮಾವಾಸ್ಯೆಯ ಪಾಲೆ ಮರದ ಕಷಾಯವನ್ನು ಪರದೇಶದಲ್ಲಿ ಮಾಡುವ ಸಾಹಸವೇ ಬೇಡ. ಮರವನ್ನು ಸರಿಯಾಗಿ ಗುರುತಿಸದೆ ಬೇರೆ ತೊಗಟೆ ತಂದು ಊರಲ್ಲೇ ಜನ ವಿಷಕ್ಕೆ ತುತ್ತಾದದ್ದುಂಟು.

ಹಂತ 8: ಕಚೇರಿಗೆ ಒಯ್ಯುವುದು, ಉಳಿದದ್ದು, ಮರುಕರೆ

ಕಚೇರಿಯ ಹಂಚೂಟಕ್ಕೆ ಬಿಸಿ ಮಾಡಬೇಕಾದ್ದನ್ನು ಒಯ್ಯಬೇಡಿ. ಮಂಗಳೂರು ಬನ್ಸ್, ಚಕ್ಕುಲಿ, ಚಿತ್ರಾನ್ನ ಒಳ್ಳೆಯವು. ಗೋಳಿಬಜೆ ಅರ್ಧ ಗಂಟೆಯಲ್ಲಿ ಜೋತುಬೀಳುತ್ತದೆ. ಕೋಸಂಬರಿ ಒಯ್ದರೆ ಉಪ್ಪನ್ನು ಅಲ್ಲಿಗೆ ಹೋದ ಮೇಲೆ ಹಾಕಿ, ಇಲ್ಲದಿದ್ದರೆ ನೀರು ಬಿಟ್ಟುಕೊಳ್ಳುತ್ತದೆ. ಪ್ರತಿ ಪಾತ್ರೆಯ ಮುಂದೆ ಹೆಸರು, ಒಳಗಿರುವ ವಸ್ತುಗಳು, ಖಾರ ಎಷ್ಟು ಎಂಬುದನ್ನು ಬರೆದ ಚೀಟಿ ಇಡಿ.

ಉಳಿದ ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಡಬೇಡಿ. ಬೆಂದ ಅನ್ನದಲ್ಲೂ ಉಳಿದುಕೊಳ್ಳುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಚ್ಚಗಿನ ಅನ್ನದಲ್ಲಿ ವಿಷ ಬಿಡುತ್ತದೆ, ಮತ್ತೆ ಬಿಸಿಮಾಡಿದರೂ ಆ ವಿಷ ಹೋಗುವುದಿಲ್ಲ. ಎರಡು ಗಂಟೆಯೊಳಗೆ ಅಗಲ ಡಬ್ಬಿಗಳಿಗೆ ಹಾಕಿ ಫ್ರಿಜ್ಜಿಗೆ ಇಡಿ. ತೆಂಗು ಹಾಕಿದ ಪಲ್ಯ, ಚಟ್ನಿಗಳನ್ನು ಮರುದಿನಕ್ಕೇ ಮುಗಿಸಿ. ಗಸಿ ಮಾತ್ರ ಮರುದಿನ ಇನ್ನೂ ರುಚಿಯಾಗುತ್ತದೆ. ಗೆಳೆಯರಿಗೆ ಕಟ್ಟಿಕೊಡುವುದಿದ್ದರೆ ಅದನ್ನೇ ಕೊಡಿ.

ಅವರು ಮರುಕರೆಯುವಾಗ ನಿಮ್ಮ ಕಟ್ಟುಪಾಡನ್ನೂ ಮುಂಚಿತವಾಗಿ, ಸ್ಪಷ್ಟವಾಗಿ ಹೇಳಿ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಸಾಲದು. ಮೊಟ್ಟೆ ಆಗುತ್ತದೆಯೋ ಇಲ್ಲವೋ ತಿಳಿಸಬೇಕು. ಥಾಯ್ ಅಡುಗೆಯ ಮೀನಿನ ಸಾಸ್, ಪಾರ್ಮೆಸನ್ ಚೀಸಿನ ಪ್ರಾಣಿಜನ್ಯ ರೆನೆಟ್ ನಿಮಗೆ ಆಗದಿದ್ದರೆ ಅವನ್ನು ಹೆಸರಿಸಿ ಹೇಳಬೇಕು. ಬರಿಗೈಯಲ್ಲಿ ಹೋಗಬೇಡಿ, ಚಕ್ಕುಲಿಯ ಡಬ್ಬಿ ಸಾಕು. ನಿಮ್ಮ ನೀರುದೋಸೆಯ ವಿಧಾನ ಕೇಳಿದವರಿಗೆ ಹಿಡಿ, ಚಿಟಿಕೆ, ಕಣ್ಣಳತೆ ಎಂದು ಹೇಳಿ ಕಳುಹಿಸದೆ, ಮನೆಯಲ್ಲಿ ಒಮ್ಮೆ ತೂಕದ ಯಂತ್ರದಲ್ಲಿ ಅಳೆದು ಗ್ರಾಂ ಲೆಕ್ಕದಲ್ಲಿ ಬರೆದು, ಯಾವ ಅಕ್ಕಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದನ್ನೂ ಅದೇ ಕಾಗದದಲ್ಲಿ ಸೇರಿಸಿ ಕೊಡಿ.